ಮಿಂಚಿಗೆ ಸ್ಲಾವರು ಇಟ್ಟ ಹೆಸರು
(ಸಂಘದ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಕಾರಕೂನಿಕೆ ಮಾಡುತ್ತ, ಸಂಜೆ ಈ ವಾಚನಾಲಯದ ಬಾಗಿಲು ತೆರೆಯುವವರು. ಆದರೂ ಇಂದು ನಿಮ್ಮೆದುರು ನಿಲ್ಲಲು ಕಾರಣವುಂಟು.

ಹೋದ ತಿಂಗಳು ಇದೇ ಮೇಜಿನ ಸುತ್ತ ಒಂದು ಮಾತು ಬಂತು. ಸರ್ಬಿಯದವರು ಮಿಂಚಿಗೆ 'ಮುನ್ಯ' ಎನ್ನುತ್ತಾರೆಂದು ಹಿರಿಯರೊಬ್ಬರು ಓದಿ ಹೇಳಿದರು. ಮಿಂಚು, ಮುನ್ಯ! ನಮ್ಮ ಮಾತೇ ಅಲ್ಲಿಗೆ ಹೋಗಿದೆಯೆಂದು ನಾವೆಲ್ಲ ಹಿಗ್ಗಿದೆವು. ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದೆಂದೂ ಗೊತ್ತುಮಾಡಿದೆವು. ಆದರೆ ಸಹಿಗೆ ಕಳಿಸುವ ಮುಂಚೆ ತಾಳೆ ನೋಡುವುದು ಕಾರಕೂನನ ಚಾಳಿಯಷ್ಟೆ. ನೋಡಿದೆವು.

ರಷ್ಯನ್ನರು ಮಿಂಚಿಗೆ 'ಮೋಲ್ನಿಯ' ಎನ್ನುತ್ತಾರೆ. ಅದರಲ್ಲಿ ಲಕಾರವಿದೆ, ಸರ್ಬಿಯದ ಮಾತಿನಲ್ಲಿಲ್ಲ. ಎಲ್ಲಿ ಹೋಯಿತು? ತೋಳಕ್ಕೆ ರಷ್ಯನ್ನರು 'ವೋಲ್ಕ್' ಎಂದರೆ ಸರ್ಬಿಯದವರು 'ವುಕ್' ಎನ್ನುತ್ತಾರೆ. ತುಂಬಿದ್ದಕ್ಕೆ ಅಲ್ಲಿ 'ಪೋಲ್ನಿ', ಇಲ್ಲಿ 'ಪುನ್'. ಉದ್ದನೆಯದಕ್ಕೆ ಅಲ್ಲಿ 'ದೋಲ್ಗಿ', ಇಲ್ಲಿ 'ದುಗ್'. ಅಲ್ಲಿ 'ಓಲ್' ಇದ್ದ ಕಡೆ ಇಲ್ಲಿ 'ಉ'. ಹಾಗೆಯೇ ಮೋಲ್ನಿಯ, ಮುನ್ಯ. ಎರಡೂ ಒಂದೇ ತಾಯಿಯ ಮಕ್ಕಳು, ಆ ತಾಯಿಮಾತಿನಲ್ಲಿ ಲಕಾರವಿತ್ತು. ನಮ್ಮ 'ಮಿಂಚು' ಆದರೋ ಹೊಳೆಯುವುದೆಂಬ ಅರ್ಥದ 'ಮಿನ್' ಎಂಬ ಮೂಲದ್ದು. ತಮಿಳಿನ 'ಮಿನ್ನು' ಅದರ ಒಡಹುಟ್ಟು. ಆ ಮೂಲದಲ್ಲಿ ಲಕಾರಕ್ಕೆ ಜಾಗವೇ ಇಲ್ಲ. ನಮ್ಮ ನಂಟು ಅಲ್ಲಿಗೆ ಕಡಿಯಿತು.

ಹಾಗಾದರೆ ಅವರ ಮಾತಿನ ಹುಟ್ಟು ಯಾವುದು? ಲಾಟ್ವಿಯದ ಹಳೆಯ ನಂಬಿಕೆಯಲ್ಲಿ ಗುಡುಗಿನ ದೇವರ ಸುತ್ತಿಗೆಗೆ 'ಮಿಲ್ನ' ಎಂದು ಹೆಸರು. ಉತ್ತರ ಯುರೋಪಿನ ಥಾರ್ ದೇವರ ಸುತ್ತಿಗೆ 'ಮ್ಯೋಲ್ನಿರ್'. ಇವು ಮೋಲ್ನಿಯದ ಬಳಗವೆಂದು ಅನೇಕ ವಿದ್ವಾಂಸರ ಮತ. ಅರೆ, ಪುಡಿಮಾಡು ಎಂಬರ್ಥದ ಪುರಾತನ ಮೂಲವೊಂದರಿಂದ ಇವೆಲ್ಲ ಬಂದಿರಬಹುದೆಂದು ಅವರಲ್ಲಿ ಹಲವರ ಊಹೆ. ರಷ್ಯನ್ನಿನಲ್ಲಿ ಹಿಟ್ಟಿನ ಗಿರಣಿಗೆ ಹೇಳುವ 'ಮೇಲ್ನಿತ್ಸ' ಆ ಮೂಲದ್ದೇ. ಗಿರಣಿಯವರಾದ ನಮಗೆ ಇದನ್ನೋದಿ ನಗು ಬಂತು. ನಮ್ಮ ಹಿರಿಯರು ಬೆಳಕನ್ನು ಕಂಡು ಹೆಸರಿಟ್ಟರು. ಅವರ ಹಿರಿಯರು ಏಟಿಗೆ ಬೆದರಿ ಹೆಸರಿಟ್ಟಂತಿದೆ. ಹೊಳಪು ಕಂಡು ಹೆಸರಿಟ್ಟ ಸ್ಲಾವರೂ ಉಂಟು: ಚೆಕ್ ಜನರ 'ಬ್ಲೆಸ್ಕ್' ಹೊಳಪಿನ ಮಾತು. ನಮಗೂ ಅವರಿಗೂ ಕಲ್ಪನೆ ಒಂದೇ, ಮಾತಿನ ವಂಶ ಬೇರೆ.

ನಂಟು ಬೇಕೇ ಬೇಕೆಂದರೆ ನಿಜವಾದದ್ದೊಂದಿದೆ. ಬೆಂಗಳೂರಿನಲ್ಲಿ ಸಿದ್ಧವಾದ ಐಆರ್‌ಎಸ್-1ಸಿ ಉಪಗ್ರಹವನ್ನು 1995ರ ಡಿಸೆಂಬರ್ 28ರಂದು ಬೈಕೊನೂರಿನಿಂದ ಆಕಾಶಕ್ಕೆ ಒಯ್ದ ರಷ್ಯದ ರಾಕೆಟ್ಟಿನ ಹೆಸರು 'ಮೋಲ್ನಿಯ'.

ಬರೆದಿಟ್ಟ ಟಿಪ್ಪಣಿಯ ಮೇಲೆ ಆ ಹಿರಿಯರೇ ಗೆರೆ ಎಳೆದರು. ಅವರ ದೊಡ್ಡತನಕ್ಕೆ ನಾವು ಕೈಮುಗಿಯುತ್ತೇವೆ. ಊರು ಬಿಟ್ಟು ಬಂದ ನಮಗೆ ಎಲ್ಲೆಲ್ಲೂ ಕನ್ನಡವೇ ಕಾಣಬೇಕೆಂಬ ಆಸೆ ಸಹಜ. ಆದರೆ ಸುಳ್ಳು ನಂಟೊಂದು ಬಯಲಾದರೆ, ನಾಳೆ ನಾವು ಹೇಳುವ ನಿಜವನ್ನೂ ನೆರೆಯವರು ನಂಬರು. ಮೂಲೆಯ ಕಪಾಟಿನಲ್ಲಿ ನಿಘಂಟುಗಳಿವೆ. ಬಿಚ್ಚಿ ನೋಡಿ, ಆಮೇಲೆ ಹೆಮ್ಮೆಪಡೋಣ.