ಫ್ರಾನ್ಸ್ ಬಹಿಷ್ಕರಿಸಿದ ದ್ರಾಕ್ಷಿ, ಬೆಂಗಳೂರಿನ ಕ್ರಿಸ್‌ಮಸ್ ವೈನ್

1934ರ ಡಿಸೆಂಬರ್ 24. ಕ್ರಿಸ್‌ಮಸ್ಸಿನ ಹಿಂದಿನ ದಿನ. ಅಂದು ಫ್ರಾನ್ಸಿನಲ್ಲಿ ವೈನ್ ಮಾರುಕಟ್ಟೆಯನ್ನು ಸರಿಪಡಿಸುವ ಹೆಸರಿನಲ್ಲಿ ಒಂದು ಕಾನೂನು ಬಂತು. ಮರುತಿಂಗಳು ಅದರ ಬೆನ್ನಿಗೇ ಆರು ಹೆಸರುಗಳ ಪಟ್ಟಿಯೂ ಬಂತು: ನೋಆ, ಒಥೆಲೊ, ಕ್ಲಿಂಟನ್, ಜಾಕೆ, ಎರ್ಬೆಮಾಂ, ಇಸಾಬೆಲ್. ಆರೂ ದ್ರಾಕ್ಷಿ ತಳಿಗಳು. ಇವುಗಳ ವೈನ್ ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಬಳ್ಳಿಯನ್ನು ಹೊಸದಾಗಿ ನೆಡುವಂತಿಲ್ಲ.

ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ. ಇಸಾಬೆಲ್, ಅಂದರೆ ಇಸಾಬೆಲ್ಲಾ. ಊರೂರು ಸುತ್ತಿದ ಈ ತಳಿಗೆ ಹೋದಲ್ಲೆಲ್ಲ ಹೊಸ ಹೆಸರು. ದ್ರಾಕ್ಷಿ ತಳಿಗಳ ಅಂತಾರಾಷ್ಟ್ರೀಯ ಪಟ್ಟಿ ತೆರೆದರೆ ಅದರ ಹತ್ತಾರು ಹೆಸರುಗಳ ನಡುವೆ ಒಂದು ಕಣ್ಣಿಗೆ ಬೀಳುತ್ತದೆ: ಬೆಂಗಳೂರು ಬ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಚಪ್ಪರಗಳಲ್ಲಿ ತೂಗುವ ಕಪ್ಪು ದ್ರಾಕ್ಷಿ ಇದೇ. ಬೆಂಗಳೂರು ಸೀಮೆಯ ಕ್ರೈಸ್ತ ಮನೆಗಳಲ್ಲಿ ಭರಣಿಗೆ ಬಿದ್ದು ಡಿಸೆಂಬರ್ 24ರ ರಾತ್ರಿ ಲೋಟಕ್ಕೆ ಇಳಿಯುವ ದ್ರಾಕ್ಷಿಯೂ ಇದೇ. ಹೊಸ್ತಿಲಿಂದ ಆಚೆ ಹಾಕುವ ಕಾನೂನನ್ನು ಫ್ರಾನ್ಸ್ ಯಾವ ದಿನ ತಂದಿತೋ, ಅದೇ ದಿನ ಇಲ್ಲಿ ಅದಕ್ಕೆ ಹಬ್ಬದ ಊಟದಲ್ಲಿ ಜಾಗ!

ಈ ಹಣ್ಣನ್ನು ಒಮ್ಮೆ ಹತ್ತಿರದಿಂದ ನೋಡೋಣ. ಗೊಂಚಲು ಚಿಕ್ಕದು, ಕಾಯಿ ಒತ್ತೊತ್ತು, ಮೇಲೆ ಬೂದಿ ಸವರಿದಂಥ ಬಿಳಿ ಪುಡಿ. ಬೆರಳಿನಿಂದ ಅದುಮಿದರೆ ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ, ದಪ್ಪ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬೀಜ ಉಂಟು, ಹುಳಿಯೂ ಉಂಟು. ಆದರೆ ಇದರ ಗತ್ತೆಲ್ಲ ಪರಿಮಳದಲ್ಲಿದೆ. ತಳ್ಳುಗಾಡಿ ಇನ್ನೂ ರಸ್ತೆಯ ಆ ಬದಿಯಲ್ಲಿರುವಾಗಲೇ ಮೂಗಿಗೆ ಗೊತ್ತಾಗುತ್ತದೆ. ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕದ ಕೆಲಸವದು. ದ್ರಾಕ್ಷಿ ರುಚಿಯ ಪೆಪ್ಪರಮೆಂಟು, ಸೋಡಾಗಳಿಗೆ ಕಾರ್ಖಾನೆಯಲ್ಲಿ ಸೇರಿಸುವುದೂ ಇದನ್ನೇ. ಯುರೋಪಿನ ವೈನ್ ಪಂಡಿತರಿಗೆ ಮಾತ್ರ ಈ ಪರಿಮಳ ಕಂಡರಾಗದು. ನರಿ ವಾಸನೆ ಎಂದು ಮೂಗು ಮುರಿದರು. ಅವರ ಮೂಗು ತಪ್ಪಿತು ಎನ್ನದೆ ವಿಧಿಯಿಲ್ಲ.

ಮನೆಯಲ್ಲಿ ವೈನ್ ಮಾಡುವವರು ಕ್ರಿಸ್‌ಮಸ್‌ಗೆ ಒಂದೆರಡು ತಿಂಗಳು ಮುಂಚೆಯೇ ದ್ರಾಕ್ಷಿ ತರುತ್ತಾರೆ. ತೊಟ್ಟು ಬಿಡಿಸಿ, ತೊಳೆದು, ನೀರಿನ ಪಸೆ ಇಲ್ಲದಂತೆ ಬಟ್ಟೆಯ ಮೇಲೆ ಹರಡಿ ಆರಿಸುತ್ತಾರೆ. ಪಿಂಗಾಣಿ ಭರಣಿಯಲ್ಲಿ ಕೈಯಿಂದಲೇ ಕಿವುಚಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದಿಷ್ಟು ಯೀಸ್ಟು, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಹಾಕುತ್ತಾರೆ. ಸಕ್ಕರೆಯಲ್ಲಿ ಕೈ ಬಿಗಿ ಹಿಡಿಯುವುದಿಲ್ಲ. ಹಲವು ಮನೆಗಳಲ್ಲಿ ದ್ರಾಕ್ಷಿ ಎಷ್ಟೋ ಸಕ್ಕರೆಯೂ ಅಷ್ಟೇ. ಹಣ್ಣಿನ ಹುಳಿಗೆ ಅದು ಬೇಕೇ ಬೇಕು. ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾರೆಯೇ ಹೊರತು ಬಿರಡೆ ಜಡಿಯುವುದಿಲ್ಲ, ಒಳಗೆ ಹುಟ್ಟುವ ಅನಿಲಕ್ಕೆ ದಾರಿ ಸಿಗದಿದ್ದರೆ ಪಾತ್ರೆಯೇ ಸಿಡಿದೀತು. ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವುವುದು, ಮೇಲೆ ತೇಲುವ ಸಿಪ್ಪೆಯನ್ನು ಕೆಳಕ್ಕೆ ಒತ್ತುವುದು. ಮೂರು ವಾರ ಕಳೆದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಬಣ್ಣ ಸಾಲದೆನಿಸಿದರೆ ಸಕ್ಕರೆಯನ್ನು ಕಪ್ಪಗೆ ಸುಟ್ಟು ಬೆರೆಸುತ್ತಾರೆ. ಇಷ್ಟೇ. ಕುಡಿಯುವವರು ಇದ್ದಾರೆ, ಕೇಕಿನ ಒಣಹಣ್ಣು ನೆನೆಸುವವರೂ ಇದ್ದಾರೆ.

ಹಾಗಾದರೆ ಇಂಥ ಹಣ್ಣಿನ ಮೇಲೆ ಫ್ರಾನ್ಸಿಗೆ ಅದೇನು ಹಗೆ? ಕಥೆಗೆ ರುಚಿ ಬರುವುದೇ ಇಲ್ಲಿಂದ.

ಇಸಾಬೆಲ್ಲಾ ಅಮೆರಿಕದ ಹುಡುಗಿ. ನ್ಯೂಯಾರ್ಕಿನ ಬಳಿ ಸಸ್ಯೋದ್ಯಾನ ನಡೆಸುತ್ತಿದ್ದ ವಿಲಿಯಂ ಪ್ರಿನ್ಸ್ 1816ರ ಸುಮಾರಿಗೆ ಅದನ್ನು ಪೇಟೆಗೆ ತಂದ. ಬಳ್ಳಿ ಕೊಟ್ಟವರ ಮನೆಯೊಡತಿ ಇಸಾಬೆಲ್ಲಾ ಗಿಬ್ಸ್ ಹೆಸರನ್ನೇ ಅದಕ್ಕಿಟ್ಟ. ಮುಂದೆ ಹತ್ತೊಂಬತ್ತನೆಯ ಶತಮಾನದ ನಡುವೆ ಯುರೋಪಿನ ದ್ರಾಕ್ಷಿಗೆ ಬೂದಿ ರೋಗ ಬಡಿಯಿತು. ನಮ್ಮ ಬೆಳೆಗಾರರಿಗೂ ಈ ರೋಗದ ಪರಿಚಯ ಚೆನ್ನಾಗಿಯೇ ಇದೆ: ಎಲೆ, ಕಾಯಿಗಳ ಮೇಲೆ ಬಿಳಿ ಪುಡಿ ಕೂತು, ಕಾಯಿ ಬಿರಿದು, ಗೊಂಚಲೇ ಹಾಳಾಗುತ್ತದೆ. ನಾಜೂಕಿನ ಯುರೋಪ್ ತಳಿಗಳು ಸೋತು ಕೂತಾಗ ಒರಟು ಇಸಾಬೆಲ್ಲಾ ತಡೆದು ನಿಂತಿತು. ಫ್ರಾನ್ಸಿನವರು, ಇಟಲಿಯವರು ಮುಗಿಬಿದ್ದು ಅಮೆರಿಕದ ಬಳ್ಳಿಗಳನ್ನು ಹಡಗಿನಲ್ಲಿ ತರಿಸಿಕೊಂಡರು.

ಆ ಬಳ್ಳಿಗಳ ಬೇರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹೇನು ಇತ್ತು. ಫಿಲಾಕ್ಸೆರಾ. ಅಮೆರಿಕದ ಕಾಡುಬಳ್ಳಿಗಳಿಗೆ ಅದರ ಜೊತೆ ಬದುಕಿ ಗೊತ್ತು, ಯುರೋಪಿನ ಬಳ್ಳಿಗಳಿಗೆ ಗೊತ್ತಿಲ್ಲ. ತೋಟದ ನಂತರ ತೋಟ ಒಣಗಿತು. ಕಾರಣ ತಿಳಿಯದೆ ಪಂಡಿತರು ಮಣ್ಣನ್ನು ದೂರಿದರು, ಹವೆಯನ್ನು ದೂರಿದರು. 1868ರಲ್ಲಿ ಪ್ಲಾಂಶೋಂ ಎಂಬ ಸಸ್ಯವಿಜ್ಞಾನಿ ಮತ್ತು ಜೊತೆಗಾರರು ಸತ್ತ ಬಳ್ಳಿಗಳನ್ನು ಬಿಟ್ಟು ಇನ್ನೂ ಜೀವವಿದ್ದ ಬಳ್ಳಿಯ ಬೇರು ಅಗೆದು ನೋಡಿದಾಗ ಹಳದಿ ಹೇನುಗಳ ಗುಂಪು ಕಂಡಿತು. ಸತ್ತ ಬೇರಿನಲ್ಲಿ ಹುಡುಕಿದ್ದಕ್ಕೇ ಅಲ್ಲಿಯವರೆಗೆ ಅದು ಸಿಕ್ಕಿರಲಿಲ್ಲ. ಹೇನು ಆಗಲೇ ಪಕ್ಕದ ಬಳ್ಳಿಗೆ ದಾಟಿಕೊಂಡಿರುತ್ತಿತ್ತು.

ಪರಿಹಾರ ಬಂದಿದ್ದೂ ಅಮೆರಿಕದಿಂದಲೇ. ಇಸಾಬೆಲ್ಲಾಳ ಗಟ್ಟಿ ನೆಂಟರಾದ ಕಾಡುಬಳ್ಳಿಗಳ ಬೇರಿಗೆ ಫ್ರೆಂಚ್ ಬಳ್ಳಿಯ ಕಸಿ ಕಟ್ಟುವುದು. ಇವತ್ತಿಗೂ ಫ್ರಾನ್ಸಿನ ಹೆಸರಾಂತ ತೋಟಗಳು ನಿಂತಿರುವುದು ಬಹುಪಾಲು ಅಮೆರಿಕದ ಬೇರಿನ ಮೇಲೆ. ಬೇರು ಬೇಕು, ಹಣ್ಣು ಬೇಡ! ದ್ರಾಕ್ಷಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೃತಘ್ನತೆ ಸಿಗಲಾರದು.

ಇನ್ನು 1934ಕ್ಕೆ ಮರಳೋಣ. ಆ ಹೊತ್ತಿಗೆ ಫ್ರಾನ್ಸಿನಲ್ಲೂ ಅದರ ವಸಾಹತು ಅಲ್ಜೀರಿಯಾದಲ್ಲೂ ವೈನ್ ಅತಿಯಾಗಿ, ಬೆಲೆ ನೆಲ ಕಚ್ಚಿತ್ತು. ಔಷಧಿ ಸಿಂಪಡಿಸದೆ, ಹೆಚ್ಚು ಆರೈಕೆ ಬೇಡದೆ ಬೆಳೆಯುತ್ತಿದ್ದ ಅಮೆರಿಕದ ತಳಿಗಳು ಸಣ್ಣ ರೈತನ ಹಿತ್ತಿಲಲ್ಲೇ ವೈನ್ ಆಗುತ್ತಿದ್ದವು. ಕತ್ತಿ ಬಿದ್ದಿದ್ದು ಅವುಗಳ ಮೇಲೆ. ಕಾನೂನಿನ ಜೊತೆಗೆ ಅಪಪ್ರಚಾರವೂ ಹುಟ್ಟಿತು: ಈ ವೈನ್ ಕುಡಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ. ದ್ರಾಕ್ಷಿ ಸಿಪ್ಪೆಯ ಪೆಕ್ಟಿನ್‌ನಿಂದ ಎಲ್ಲ ವೈನ್‌ಗಳಲ್ಲೂ ಒಂದಿಷ್ಟು ಮೆಥನಾಲ್ ಹುಟ್ಟುತ್ತದೆ. ಈ ತಳಿಗಳಲ್ಲಿ ಅದು ತುಸು ಹೆಚ್ಚಿರಬಹುದು, ಹುಚ್ಚು ಹಿಡಿಸುವಷ್ಟಂತೂ ಅಲ್ಲ. ಆದರೂ ಆ ಆರು ಹೆಸರುಗಳು ಯುರೋಪ್ ಒಕ್ಕೂಟದ ಕಾನೂನಿನವರೆಗೂ ಬಂದು ಕೂತಿವೆ.

ಈಗ ದೊಡ್ಡಬಳ್ಳಾಪುರಕ್ಕೆ ಬನ್ನಿ. ನಂದಿ ಬೆಟ್ಟದ ತಪ್ಪಲಿನ ರಘುನಾಥಪುರದಲ್ಲಿ 1988ರಲ್ಲಿ ಕನ್ವಲ್ ಗ್ರೋವರ್ ಒಂದು ದ್ರಾಕ್ಷಿ ತೋಟ ಮಾಡಿದರು. ಜೊತೆಗಿದ್ದವರು ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್; ಮುಂದೆ ಬೋರ್ಡೋದ ಹೆಸರಾಂತ ಸಲಹೆಗಾರ ಮಿಷೆಲ್ ರೋಲಾನ್ ಕೂಡ ಬಂದರು. ನೆಟ್ಟಿದ್ದು ಕ್ಯಾಬರ್ನೆ ಸುವಿನ್ಯೋಂ, ಶಿರಾಜ್‌ನಂಥ ಶುದ್ಧ ಫ್ರೆಂಚ್ ತಳಿಗಳನ್ನು. ಅಂದರೆ ಫ್ರಾನ್ಸಿನ ಮುದ್ದಿನ ಬಳ್ಳಿಗಳು ಇಷ್ಟು ದೂರ ಬಂದು ನೆಲೆಸಿದ್ದು, ಫ್ರಾನ್ಸ್ ಗಡೀಪಾರು ಮಾಡಿದ ಬಳ್ಳಿಯ ನೆರೆಮನೆಯಲ್ಲಿ! ಗ್ರೋವರ್ ತೋಟದಲ್ಲಿ ತಂತಿಯ ಸಾಲುಗಳಲ್ಲಿ ಒಪ್ಪವಾಗಿ ನಿಂತ ಬಳ್ಳಿ. ಸುತ್ತಲ ರೈತರ ಹೊಲಗಳಲ್ಲಿ ಕಲ್ಲುಕಂಬದ ಮೇಲೆ ತಂತಿ ಹೆಣೆದ ಚಪ್ಪರ, ಅದರ ತುಂಬ ಬೆಂಗಳೂರು ಬ್ಲೂ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ರೈತರೇ ಕತ್ತರಿ ಹಾಕಿ ಚಿಗುರಿಸುತ್ತಾರೆ, ವರ್ಷಕ್ಕೆ ಎರಡು ಫಸಲು ತೆಗೆಯುತ್ತಾರೆ. ಫ್ರಾನ್ಸಿನ ರೈತನಿಗೆ ಈ ಭಾಗ್ಯವಿಲ್ಲ. ಸುಮಾರು ಒಂದೂವರೆ ಶತಮಾನದಿಂದ ಈ ಸೀಮೆಯಲ್ಲಿ ಬೇರೂರಿದ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು.

ವೈನ್ ಒಂದರ ಮಾತೇ ಆಡಿದರೆ ಹಬ್ಬದ ಅಡುಗೆಮನೆಗೆ ಅನ್ಯಾಯವಾದೀತು. ಹೊಸಕೋಟೆಗೆ ಹೋಗುವ ದಾರಿಯ ಆಸುಪಾಸಿನ ವೈಟ್‌ಫೀಲ್ಡ್ ಇವತ್ತು ಸಾಫ್ಟ್‌ವೇರ್ ಊರು. 1882ರಲ್ಲಿ ಡಿ. ಎಸ್. ವೈಟ್ ಅವರ ಮುಂದಾಳತ್ವದಲ್ಲಿ, ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಅದು ಹುಟ್ಟಿದ್ದು ಆಂಗ್ಲೋ ಇಂಡಿಯನ್ನರ ಬೇಸಾಯದ ಊರಾಗಿ. ಆ ಸಮುದಾಯದ ಕ್ರಿಸ್‌ಮಸ್ ಎಂದರೆ ಕಲ್ಕಲ್. ಮೈದಾ, ಮೊಟ್ಟೆ, ತೆಂಗಿನ ಹಾಲಿನ ಹಿಟ್ಟನ್ನು ಗೋಲಿಯಷ್ಟು ಮಾಡಿ, ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಇಟ್ಟು ಹೆಬ್ಬೆರಳಿನಿಂದ ಒತ್ತಿ ಸುರುಳಿ ಸುತ್ತುತ್ತಾರೆ. ಗೆರೆಗೆರೆಯ ಪುಟ್ಟ ಚಿಪ್ಪಾಗುತ್ತದೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಆ ಗೆರೆಗಳಲ್ಲೆಲ್ಲ ಪಾಕ ನಿಂತು ಬಿಳಿಯಾಗಿ ಒಣಗುತ್ತದೆ. ಇದು ಒಬ್ಬರ ಕೈಲಾಗುವ ಕೆಲಸವಲ್ಲ; ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಕೂತರೇ ಡಬ್ಬಿ ತುಂಬುವುದು. ಕನ್ನಡ ಕ್ರೈಸ್ತರ ಮನೆಗಳಲ್ಲಿ ಕೇಕಿನ ತಟ್ಟೆಯಲ್ಲೇ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ ಇರುತ್ತವೆ. ಪಕ್ಕದ ಮನೆಯ ದೀಪಾವಳಿಗೂ ಈ ಮನೆಯ ಕ್ರಿಸ್‌ಮಸ್‌ಗೂ ಬಾಣಲೆ ಒಂದೇ ರೀತಿ ಕಾಯುತ್ತದೆ.

ಮದ್ಯ ಮುಟ್ಟದ ಮನೆಗಳಲ್ಲಿ ಇದೇ ದ್ರಾಕ್ಷಿಯನ್ನು ಕುದಿಸಿ, ಸೋಸಿ, ಸಕ್ಕರೆ ಹಾಕಿ ರಸ ಮಾಡುತ್ತಾರೆ. ಅದಕ್ಕೂ ಹಿನ್ನೆಲೆಯಿದೆ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯ, ಚರ್ಚಿನ ಪ್ರಭುಭೋಜನಕ್ಕೆ ಅಮಲಿಲ್ಲದ ದ್ರಾಕ್ಷಾರಸ ಬೇಕೆಂದು ರಸವನ್ನು ಬಾಟಲಿಯಲ್ಲಿ ತುಂಬಿ ಕಾಯಿಸಿ ಹುದುಗು ಬರದಂತೆ ತಡೆದ. ಅವನು ಬಳಸಿದ ಕಾಂಕರ್ಡ್ ದ್ರಾಕ್ಷಿ ಇಸಾಬೆಲ್ಲಾಳ ಹತ್ತಿರದ ಬಂಧು. ಕುದಿಸಿದರೂ ಕೆಡದ ಪರಿಮಳ ಈ ವಂಶಕ್ಕೇ ಬಂದದ್ದು.

ಯುರೋಪಿನ ಬಹಿಷ್ಕಾರವೂ ಎಲ್ಲೆಡೆ ಒಂದೇ ಥರ ಉಳಿದಿಲ್ಲ. ಆಸ್ಟ್ರಿಯಾದ ಬುರ್ಗೆನ್‌ಲ್ಯಾಂಡ್‌ನಲ್ಲಿ ಇಂಥದ್ದೇ ದ್ರಾಕ್ಷಿಗಳ ಉಹುಡ್ಲರ್ ಎಂಬ ವೈನಿಗೆ 1992ರಲ್ಲಿ ನಿಷೇಧ ಸಡಿಲವಾಯಿತು. ಜನ ಬಿಡದೆ ಹಟ ಹಿಡಿದಿದ್ದರು. ಫ್ರಾನ್ಸಿನಲ್ಲೇ ಆರ್ದೆಶ್ ಸೀಮೆಯ ಬೋಮಾಂ ಎಂಬ ಹಳ್ಳಿಯವರು ಸಂಘ ಕಟ್ಟಿಕೊಂಡು ಜಾಕೆ, ಇಸಾಬೆಲ್ ಬಳ್ಳಿಗಳನ್ನು ಉಳಿಸಿಕೊಂಡಿದ್ದಾರೆ, ವೈನ್ ಮಾಡಿ ಸದಸ್ಯರಿಗೆ ಹಂಚಿಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಹಣ್ಣಿಗೆ ತಡೆಯಿಲ್ಲ, ಭರಣಿಗೆ ಇದೆ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ, ಹಬ್ಬಕ್ಕೆಂದು ಮನೆಮಟ್ಟಿಗೆ ಮಾಡುವ ನಾಲ್ಕು ಬಾಟಲಿಗೂ ಅದೇ ಮಾತು. ರಾಜ್ಯಕ್ಕೆ 2007ರಿಂದ ದ್ರಾಕ್ಷಾರಸ ನೀತಿ ಇದೆ, ವೈನ್ ಮಂಡಳಿಯೂ ಇದೆ. ಮಾರಾಟಕ್ಕಲ್ಲದ ಮನೆ ವೈನಿಗೆ ಒಂದು ಮಿತಿ ಹಾಕಿ ವಿನಾಯಿತಿ ಕೊಟ್ಟರೆ ಯಾರಿಗೂ ನಷ್ಟವಿಲ್ಲ, ಬೆಳೆಗಾರನಿಗೆ ಲಾಭವೇ ಉಂಟು.

ಬೆಳೆಗಾರ ಉಳಿದರೆ ತಾನೇ ಆ ಮಾತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯಲ್ಲಿ ನೆಲದ ಬೆಲೆಯ ಮುಂದೆ ದ್ರಾಕ್ಷಿಯ ಬೆಲೆ ಏನೂ ಅಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈ 15ರಂದು 1,777 ಎಕರೆಯ ಭೂಸ್ವಾಧೀನ ಕೈಬಿಡುವ ಘೋಷಣೆಯನ್ನು ಮುಖ್ಯಮಂತ್ರಿಯ ಬಾಯಿಂದ ಹೊರಡಿಸಿದರು. ರಾಗಿ, ತರಕಾರಿ, ಹೂವಿನ ಜೊತೆಗೆ ದ್ರಾಕ್ಷಿಯನ್ನೂ ಬೆಳೆಯುವ ನೆಲವದು.