ಅಪ್‌ಗ್ರೇಡ್ ಆಗುತ್ತಿದೆ, ಸಹಕರಿಸಿ

ನಿಮ್ಮ ಮೊಬೈಲಿಗೆ ಈ ಥರದ ಮೆಸೇಜ್ ಬಂದೇ ಇರುತ್ತೆ: ಸೇವೆಯನ್ನು ಉನ್ನತೀಕರಿಸುತ್ತಿದ್ದೇವೆ, ಶನಿವಾರ ರಾತ್ರಿಯಿಂದ ಭಾನುವಾರದವರೆಗೆ ವ್ಯವಹಾರ ಇರುವುದಿಲ್ಲ, ಸಹಕರಿಸಿ. ನಾವು ಓದ್ತೀವಿ, ಅಳಿಸಿ ಹಾಕ್ತೀವಿ. ಸೋಮವಾರ ಬೆಳಿಗ್ಗೆ ಎಲ್ಲ ಸರಿಯಿದ್ದರೆ ಅದರ ನೆನಪೂ ಇರಲ್ಲ. ಇವತ್ತು ಸೋಮವಾರ ಬೆಳಿಗ್ಗೆ ಸರಿಯಿಲ್ಲದೇ ಹೋದ ಒಂದು ಬ್ಯಾಂಕಿನ ಕಥೆ ಹೇಳ್ತೀನಿ.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್. 2018ರಲ್ಲಿ ಅದಕ್ಕೆ 52 ಲಕ್ಷ ಗ್ರಾಹಕರಿದ್ದರು. ಈ ಬ್ಯಾಂಕು ಮೊದಲು ಲಾಯ್ಡ್ಸ್ ಎಂಬ ದೊಡ್ಡ ಬ್ಯಾಂಕಿನ ಭಾಗವಾಗಿತ್ತು. ಬೇರೆಯಾದ ಮೇಲೂ ಕಂಪ್ಯೂಟರ್ ವ್ಯವಸ್ಥೆ ಮಾತ್ರ ಲಾಯ್ಡ್ಸ್‌ನದೇ. ಅಂದರೆ ಸಂಸಾರ ಬೇರೆ ಹೂಡಿದರೂ ಅಡುಗೆಮನೆ ಹಳೇ ಮನೆಯದೇ, ಅದಕ್ಕೆ ಬಾಡಿಗೆ ಬೇರೆ. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕು ಟಿಎಸ್‌ಬಿಯನ್ನು ಕೊಂಡುಕೊಂಡಿತು. ಸಬಾಡೆಲ್ ಹತ್ತಿರ ತನ್ನದೇ ಸಾಫ್ಟ್‌ವೇರ್ ಇತ್ತು, ಹೆಸರು ಪ್ರೊಟಿಯೊ. ಅದು ಸ್ಪೇನಿನಲ್ಲಿ ಚೆನ್ನಾಗಿ ಓಡ್ತಾ ಇತ್ತು. ಅದನ್ನೇ ಬ್ರಿಟನ್ನಿಗೆ ತಂದರಾಯ್ತು, ಬಾಡಿಗೆ ಉಳಿಯುತ್ತೆ ಅನ್ನೋದು ಲೆಕ್ಕ.

ಲೆಕ್ಕ ಎಲ್ಲಿ ತಪ್ಪಿತು ನೋಡಿ. ಬ್ಯಾಂಕಿನ ಸಾಫ್ಟ್‌ವೇರ್ ಅನ್ನೋದು ಒಂಟಿಯಾಗಿ ನಿಂತಿರೋ ಪೆಟ್ಟಿಗೆ ಅಲ್ಲ. ಎಟಿಎಂ ಜಾಲ, ಕಾರ್ಡ್ ಕಂಪನಿ, ಹಣ ವರ್ಗಾವಣೆ ವ್ಯವಸ್ಥೆ, ಮೊಬೈಲ್ ಆ್ಯಪ್, ವಂಚನೆ ಪತ್ತೆ ಹಚ್ಚೋ ಪ್ರೋಗ್ರಾಂ, ಪ್ರತಿಯೊಂದಕ್ಕೂ ಒಂದೊಂದು ಜೋಡಣೆ ಇರುತ್ತೆ. ಸ್ಪೇನಿನ ಜೋಡಣೆ ಬ್ರಿಟನ್ನಿಗೆ ಆಗಲ್ಲ. ಹಾಗಾಗಿ ಪ್ರೊಟಿಯೊವನ್ನು ಬ್ರಿಟನ್ನಿಗೆ ತಕ್ಕ ಹಾಗೆ ತಿದ್ದಿ, ಹೊಸ ಭಾಗ ಸೇರಿಸಿ ಕಟ್ಟಿದರು. ಕಟ್ಟೋ ಗುತ್ತಿಗೆ ಸಬಾಡೆಲ್‌ನ ಐಟಿ ಕಂಪನಿಗೆ. ಆ ಕಂಪನಿ ಮತ್ತೆ ಹತ್ತಾರು ಕಂಪನಿಗಳನ್ನು ನೆಚ್ಚಿಕೊಂಡಿತ್ತು. ಎಷ್ಟು? 85.

ಮೊದಲು ಗೊತ್ತು ಮಾಡಿದ್ದು 2017ರ ನವೆಂಬರ್. ಆಗಲಿಲ್ಲ, ಮುಂದಕ್ಕೆ ಹಾಕಿದರು. ಆದರೆ ಕೆಲಸ ಇನ್ನೂ ಎಷ್ಟು ಬಾಕಿ ಅಂತ ಪೂರ್ತಿ ತಿಳಿಯುವ ಮೊದಲೇ, 2018ರ ಮೊದಲ ಮೂರು ತಿಂಗಳಲ್ಲಿ ಮುಗಿಸ್ತೀವಿ ಅಂತ ಹೇಳಿಯೂ ಬಿಟ್ಟರು. ನನ್ನ ಪ್ರಕಾರ ಅನಾಹುತ ಶುರುವಾಗಿದ್ದು ಅವತ್ತೇ. ಮುಹೂರ್ತ ಇಟ್ಟ ಮೇಲೆ ಹುಡುಗಿ ಹುಡುಕೋಕೆ ಹೊರಟ ಹಾಗೆ.

2018ರ ಏಪ್ರಿಲ್ 20, ಶುಕ್ರವಾರ. ಹಳೆಯದನ್ನು ನಿಲ್ಲಿಸಿದರು. ಭಾನುವಾರ ಸಂಜೆ ಹೊಸದನ್ನು ಚಾಲೂ ಮಾಡಿದರು. ಗ್ರಾಹಕರ ಖಾತೆಗಳ ಮಾಹಿತಿ ಹೊಸ ಮನೆಗೆ ಸರಿಯಾಗೇ ಬಂತು. ಆದರೆ ಬಾಗಿಲೇ ತೆಗೆಯಲಿಲ್ಲ! ಲಾಗಿನ್ ಆಗ್ತಿಲ್ಲ, ಆ್ಯಪ್ ತೆರೀತಿಲ್ಲ, ಬ್ರಾಂಚಿಗೆ ಹೋದರೆ ಅಲ್ಲಿನ ಸಿಬ್ಬಂದಿಯ ಕಂಪ್ಯೂಟರೂ ಅದೇ ಹಾಡು. ಕೆಲವರಿಗಂತೂ ಬೇರೆಯವರ ಖಾತೆಯ ವಿವರ ಕಾಣಿಸ್ತು. ಬೀಗ ಹಾಕಿದ ಮನೆ ಒಂದು ಕಡೆ, ಪಕ್ಕದ ಮನೆ ಬೀರು ತೆರೆದುಕೊಂಡಿದ್ದು ಇನ್ನೊಂದು ಕಡೆ. ಈ ಗೊಂದಲ ನೋಡಿ ವಂಚಕರು ಸುಮ್ಮನಿರ್ತಾರಾ? ಅವರೂ ನುಗ್ಗಿದರು. ವ್ಯವಹಾರ ಪೂರ್ತಿ ಮಾಮೂಲಿ ಸ್ಥಿತಿಗೆ ಬಂದಿದ್ದು ಡಿಸೆಂಬರಿನಲ್ಲಿ. ಎಂಟು ತಿಂಗಳು ಸ್ವಾಮಿ!

ಪರೀಕ್ಷೆ ಮಾಡಿರಲಿಲ್ವಾ ಅಂತ ನೀವು ಕೇಳಬಹುದು. ಮಾಡಿದ್ದರು. ಆದರೆ ಎರಡು ಡೇಟಾ ಸೆಂಟರ್‌ಗಳಿದ್ದವು, ಎಷ್ಟು ಭಾರ ತಡೆಯುತ್ತೆ ಅನ್ನೋ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ. ಎರಡೂ ಒಂದೇ ಥರ ಇವೆ ಅಂದುಕೊಂಡಿದ್ದರು. ಇರಲಿಲ್ಲ. ಆ 85 ಕಂಪನಿಗಳಲ್ಲಿ ಮುಖ್ಯವಾದವು ಸಿದ್ಧವಾಗಿವೆಯಾ ಅಂದರೆ, ಸಿಕ್ಕ ಉತ್ತರಗಳಲ್ಲಿ ಹಲವು ಇನ್ನೂ ಸಿದ್ಧವಾಗುವ ಭರವಸೆಗಳಷ್ಟೇ. ಬ್ಯಾಂಕಿನ ಆಡಳಿತ ಮಂಡಳಿ ಕೆದಕಿ ಕೇಳಬೇಕಾದಷ್ಟು ಕೇಳಲಿಲ್ಲ ಅಂತ ಆಮೇಲೆ ಬಂದ ತನಿಖಾ ವರದಿಯೇ ಹೇಳಿತು. ಮುಖ್ಯಸ್ಥ ಪಾಲ್ ಪೆಸ್ಟರ್ 2018ರ ಸೆಪ್ಟೆಂಬರಿನಲ್ಲಿ ಕುರ್ಚಿ ಬಿಟ್ಟರು. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ ಬಿದ್ದ ದಂಡ 4 ಕೋಟಿ 86 ಲಕ್ಷ ಪೌಂಡ್, ನಮ್ಮ ದುಡ್ಡಿನಲ್ಲಿ ಹೆಚ್ಚೂಕಮ್ಮಿ 490 ಕೋಟಿ ರೂಪಾಯಿ. ಗ್ರಾಹಕರಿಗೆ ಕೊಟ್ಟ ಪರಿಹಾರ ಬೇರೆ.

ಹಳೇ ಮನೆಯ ವೈರಿಂಗ್ ನೆನಪಿಸಿಕೊಳ್ಳಿ. ಮೊದಲು ಬರೀ ಬಲ್ಬು, ಫ್ಯಾನು. ಆಮೇಲೆ ಯಾರೋ ಬೋರ್‌ವೆಲ್ ಮೋಟರಿಗೆ ಒಂದು ಲೈನ್ ಎಳೆದರು, ಇನ್ಯಾರೋ ಗೀಸರಿಗೆ, ಯುಪಿಎಸ್‌ಗೆ. ನಕ್ಷೆ ಎಲ್ಲೂ ಇಲ್ಲ. ಎಳೆದ ಎಲೆಕ್ಟ್ರಿಷಿಯನ್ ಊರು ಬಿಟ್ಟು ಹೋಗಿದ್ದಾನೆ. ಈಗ ಮೇನ್ ಬೋರ್ಡ್ ಬದಲಾಯಿಸಿ ನೋಡಿ. ಹೊಸ ಬೋರ್ಡ್ ಒಳ್ಳೇ ಕಂಪನಿಯದೇ ಇರಬಹುದು, ಮೋಟರ್ ಓಡಲ್ಲ. ನಾನು ಓದಿದ್ದು ಇಂಜಿನಿಯರಿಂಗ್. ಸಾಫ್ಟ್‌ವೇರ್ ಕಂಪನಿ ಸೇರಿದ ನನ್ನ ಗೆಳೆಯರ ಅರ್ಧ ಆಯುಷ್ಯ ಇಂಥ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಹುಡುಕೋದರಲ್ಲೇ ಕಳೆಯುತ್ತಿದೆ.

ಮರೆತುಹೋದ ವೈರು ಎಷ್ಟು ಅಪಾಯ ಗೊತ್ತಾ? ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನೋ ಷೇರು ವಹಿವಾಟು ಸಂಸ್ಥೆ, 2012ರ ಆಗಸ್ಟ್ 1. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಬಿಟ್ಟುಹೋಯ್ತು. ಅದರಲ್ಲಿ 2003ರಿಂದ ಯಾರೂ ಬಳಸದ ಹಳೇ ಪ್ರೋಗ್ರಾಂ ಮಲಗಿತ್ತು. ಅದನ್ನು ಎಬ್ಬಿಸೋ ಸ್ವಿಚ್ಚನ್ನೇ ಹೊಸ ಕೋಡಿಗೂ ಬಳಸಿಕೊಂಡಿದ್ದರು. ಜೊತೆಗೆ, ಕೊಂಡಿದ್ದಾಯ್ತು ಇನ್ನು ನಿಲ್ಲಿಸು ಅಂತ ಹೇಳೋ ಭಾಗವನ್ನು 2005ರಲ್ಲೇ ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟಿದ್ದರು. ಗ್ರಾಹಕರ ಬರೀ 212 ಆರ್ಡರ್‌ಗಳು 40 ಲಕ್ಷಕ್ಕೂ ಹೆಚ್ಚು ವಹಿವಾಟುಗಳಾಗಿ ಹೊರಗೆ ಹೋದವು. ಗಾಬರಿಯಲ್ಲಿ ಇಂಜಿನಿಯರ್‌ಗಳು ಸರಿ ಇದ್ದ ಏಳು ಸರ್ವರ್‌ಗಳಿಂದಲೂ ಹೊಸ ಕೋಡ್ ತೆಗೆದರು, ಬೆಂಕಿಗೆ ತುಪ್ಪ ಬಿತ್ತು. 45 ನಿಮಿಷದಲ್ಲಿ 46 ಕೋಟಿ ಡಾಲರ್ ಖಲ್ಲಾಸ್.

ಇದೆಲ್ಲ ವಿದೇಶದ ಮಾತಾಯ್ತು ಅನ್ನಬೇಡಿ. 2021ರ ಜೂನ್ 7ಕ್ಕೆ ಆದಾಯ ತೆರಿಗೆ ಇಲಾಖೆಯ ಹೊಸ ಪೋರ್ಟಲ್ ಬಂತು. ಕಟ್ಟಿದ್ದು ನಮ್ಮ ಬೆಂಗಳೂರಿನ ಇನ್ಫೋಸಿಸ್. ಜೂನ್ 1ರಿಂದಲೇ ಹಳೆಯದಕ್ಕೆ ಬೀಗ. ಹೊಸದು ಕೈಕೊಟ್ಟಾಗ ತೆರಿಗೆದಾರರು, ಲೆಕ್ಕಪರಿಶೋಧಕರು ಹೋಗೋದೆಲ್ಲಿಗೆ? ವಿದೇಶಕ್ಕೆ ಹಣ ಕಳಿಸುವಾಗ ಸಲ್ಲಿಸೋ ಫಾರಂಗಳನ್ನು ಕಾಗದದಲ್ಲೇ ಬ್ಯಾಂಕಿಗೆ ಕೊಡಿ ಅಂತ ಇಲಾಖೆಯೇ ಹೇಳಬೇಕಾಯ್ತು. ಆಗಸ್ಟ್ 23ಕ್ಕೆ ಕಂಪನಿಯ ಸಿಇಒ ಸಲೀಲ್ ಪಾರೇಖ್ ಅವರನ್ನು ಹಣಕಾಸು ಸಚಿವರು ಕರೆಸಿಕೊಂಡರು. ರಿಟರ್ನ್ಸ್ ಗಡುವು ಡಿಸೆಂಬರ್ ಕೊನೆಯವರೆಗೂ ಹೋಯ್ತು. ಆಗಿನ ಟಿವಿ ಚರ್ಚೆಗಳೆಲ್ಲ ಕಂಪನಿ ಸರಿಯೋ ತಪ್ಪೋ ಅಂತ ಜಗಳವಾಡಿದವು. ಹೊಸದು ನೆಟ್ಟಗೆ ನಿಲ್ಲೋವರೆಗೆ ಹಳೆಯದನ್ನು ಯಾಕೆ ಉಳಿಸಲಿಲ್ಲ ಅಂತ ಕೇಳಿದವರು ಕಡಿಮೆ.

ಉಳಿಸಿಕೊಂಡೇ ಬದಲಾಯಿಸೋಕೆ ಬರಲ್ವಾ? ಬರುತ್ತೆ. ಕರಾವಳಿಯವರಿಗೆ ನೆನಪಿರುತ್ತೆ, ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯ್ತು. ಆದರೆ ಅದರ ಐಎಫ್‌ಎಸ್‌ಸಿ ಕೋಡ್ ಅವತ್ತೇ ಸಾಯಲಿಲ್ಲ. 2021ರ ಜೂನ್ ಮುಗಿಯೋವರೆಗೂ ನಡೀತು. ಪಿಂಚಣಿ ಕಳಿಸೋ ಖಜಾನೆ, ಸಂಬಳ ಹಾಕೋ ಕಂಪನಿ, ದುಬೈಯಿಂದ ದುಡ್ಡು ಹಾಕೋ ಮಗ, ಎಲ್ಲರಿಗೂ ಕೋಡ್ ಬದಲಾಯಿಸಿಕೊಳ್ಳೋಕೆ ಒಂದು ವರ್ಷದ ಮೇಲೆ ಕಾಲ ಸಿಕ್ತು. ಜನ ಗೊಣಗಿದರು, ನಿಜ. ಬ್ಯಾಂಕಿನ ಹೆಸರೇ ಹೋಯ್ತಲ್ಲ ಅನ್ನೋ ಹೊಟ್ಟೆಯುರಿ ಈಗಲೂ ಇದೆ. ಅದು ಬೇರೆ ವಿಷಯ.

ಅಪ್‌ಗ್ರೇಡೇ ಬೇಡ ಅಂತ ಹೇಳೋಕೆ ಆಗಲ್ಲ. ಹಳೇ ಸಾಫ್ಟ್‌ವೇರಿಗೆ ಕಂಪನಿ ರಿಪೇರಿ ನಿಲ್ಲಿಸಿದ ದಿನದಿಂದ ಕಳ್ಳರಿಗೆ ಅದೇ ಹಿತ್ತಲ ಬಾಗಿಲು. ಮಾಡಲೇಬೇಕು. ಆದರೆ ಮುಂದಿನ ಸಲ ಯಾವ ಇಲಾಖೆಯೋ ಬ್ಯಾಂಕೋ ಹೊಸ ತಂತ್ರಾಂಶ ಉದ್ಘಾಟನೆ ಅಂತ ಪ್ರೆಸ್‌ಮೀಟ್ ಕರೆದಾಗ ನಮ್ಮ ವರದಿಗಾರರು ಎರಡು ಪ್ರಶ್ನೆ ಕೇಳಬೇಕು. ಕೈಕೊಟ್ಟರೆ ಹಳೆಯದಕ್ಕೆ ಎಷ್ಟು ಗಂಟೆಯಲ್ಲಿ ವಾಪಸ್ ಹೋಗ್ತೀರಿ? ವಾಪಸ್ ಹೋಗೋದನ್ನು ಒಂದು ಸಲವಾದರೂ ಮಾಡಿ ನೋಡಿದ್ದೀರಾ?

ನೀವು ಮಾಡೋದಿಷ್ಟು. ಆ ಮೆಸೇಜ್ ಬಂದಾಗ ಅಳಿಸಬೇಡಿ. ಶುಕ್ರವಾರವೇ ಸ್ವಲ್ಪ ನಗದು ತೆಗೆದಿಟ್ಟುಕೊಳ್ಳಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ, ಬ್ಯಾಲೆನ್ಸ್ ಕಾಣೋ ಪರದೆಯ ಫೋಟೋ ಹಿಡಿದಿಡಿ. ಸೋಮವಾರ ಕಟ್ಟಬೇಕಾದ ಕಂತು ಇದ್ದರೆ ಶುಕ್ರವಾರವೇ ಕಟ್ಟಿಬಿಡಿ. ಆ ಎರಡು ದಿನ ಬ್ಯಾಂಕಿನವರು ಅಂತ ಹೇಳಿಕೊಂಡು ಯಾರೇ ಫೋನ್ ಮಾಡಿ ಒಟಿಪಿ ಕೇಳಿದರೂ ಕೊಡಬೇಡಿ.