ಕ್ಯುರೇಟನ ಮೊಟ್ಟೆ
(ಪಕ್ಷದ ಕಾರ್ಯಕರ್ತರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಇಂದು ನಾನು ಒಂದು ಮೊಟ್ಟೆಯ ವಿಚಾರ ಮಾತನಾಡಲು ನಿಂತಿದ್ದೇನೆ. ಈಗಲೇ ನಗಬೇಡಿ, ಕೊನೆಗೆ ಆ ನಗು ನಮ್ಮ ಮೇಲೆಯೇ ತಿರುಗೀತು.

1895ರ ನವೆಂಬರ್ 9ರಂದು ಲಂಡನ್ನಿನ 'ಪಂಚ್' ವಾರಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ಬಂದಿತು. ಬರೆದವನು ಜಾರ್ಜ್ ದು ಮೋರಿಯೇ. ಬಿಷಪ್ಪನ ಮನೆಯ ಬೆಳಗಿನ ಉಪಾಹಾರ. ಮೇಜಿನ ಬಳಿ ಒಬ್ಬ ಬಡ ಕ್ಯುರೇಟ್, ಎಂದರೆ ಕಿರಿಯ ಪಾದ್ರಿ, ಅತಿಥಿಯಾಗಿ ಕುಳಿತಿದ್ದಾನೆ. ನಿಮ್ಮ ಪಾಲಿಗೆ ಕೆಟ್ಟ ಮೊಟ್ಟೆ ಬಂದಂತಿದೆಯಲ್ಲ ಎಂದು ಬಿಷಪ್ ಕೇಳುತ್ತಾನೆ. ಕ್ಯುರೇಟ್ ಗಾಬರಿಯಾಗಿ, ಹಾಗೇನೂ ಇಲ್ಲ ಪ್ರಭು, ಇದರ ಕೆಲವು ಭಾಗ ಬಹಳ ಸೊಗಸಾಗಿದೆ ಎನ್ನುತ್ತಾನೆ. ಚಿತ್ರದ ತಲೆಬರಹ 'ನಿಜವಾದ ವಿನಯ'. ಮುಂದೆ 'ಕ್ಯುರೇಟನ ಮೊಟ್ಟೆ' ಎಂಬುದು ಇಂಗ್ಲಿಷಿನಲ್ಲಿ ನಾಣ್ಣುಡಿಯೇ ಆಯಿತು.

ಮೊಟ್ಟೆ ಅರ್ಧ ಕೊಳೆತು ಅರ್ಧ ಉಳಿಯುವುದಿಲ್ಲ. ಇದು ಬಿಷಪ್ಪನಿಗೂ ಗೊತ್ತು, ತಿನ್ನುವವನಿಗೂ ಗೊತ್ತು. ಮತ್ತೇಕೆ ಆತ ಹಾಗೆಂದ?

ಲೆಕ್ಕ ನೋಡಿ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಿಗೆ ಆಗ ವರ್ಷಕ್ಕೆ 15,000 ಪೌಂಡ್. ಅನೇಕ ಕ್ಯುರೇಟರು ನೂರು, ನೂರೈವತ್ತು ಪೌಂಡಿನಲ್ಲಿ ಸಂಸಾರ ತೂಗಿಸಬೇಕು. ಊರಿನ ಮುಖ್ಯ ಪಾದ್ರಿಗೆ ಹುದ್ದೆಯ ಮೇಲೆ ಜೀವಾವಧಿ ಹಕ್ಕು. ಕ್ಯುರೇಟ್ ಅವನ ಕೈಕೆಳಗಿನ ಸಂಬಳದಾಳು. ಬಿಷಪ್ಪನ ಪರವಾನಗಿ ಇಲ್ಲದೆ ಅವನಿಗೆ ಕೆಲಸವೇ ಇಲ್ಲ. ಅತ್ತ ಪ್ರಭುಗಳ ಸಭೆಯಲ್ಲಿ 26 ಮಂದಿ ಧರ್ಮಾಧ್ಯಕ್ಷರಿಗೆ ಆಸನ. ಆದುದರಿಂದ ಆ ಬಡಪಾಯಿ ನುಂಗಿದ್ದು ಹಂಗಿನ ಅನ್ನವನ್ನು.

'ಪಂಚ್' 1841ರಲ್ಲಿ ಹುಟ್ಟಿದ ಪತ್ರಿಕೆ. 1843ರಲ್ಲಿ ಹೊಲಿಗೆಯ ಹೆಂಗಸರ ಗೋಳನ್ನು ಕುರಿತ ಥಾಮಸ್ ಹುಡ್‌ನ ಕವಿತೆಯನ್ನು ಪ್ರಕಟಿಸಿದ ಧೈರ್ಯ ಅದಕ್ಕಿತ್ತು. ಬರಬರುತ್ತ ಸ್ಥಿತಿವಂತರ ಪತ್ರಿಕೆಯಾಯಿತು. ಹೀಗಾಗಿ ಕೆಟ್ಟ ಮೊಟ್ಟೆ ಬಡಿಸಿದವನಿಗಿಂತ ಅದನ್ನು ತಿಂದವನೇ ಹೆಚ್ಚು ನಗೆಪಾಟಲಾದ.

ಇದೇ ಕಾಲದಲ್ಲಿ ಬೇರೆ ಉತ್ತರ ಕೊಟ್ಟವರೂ ಇದ್ದರು. 1880ರ ದಶಕದ ಕೊನೆಯಲ್ಲಿ ವೇಲ್ಸ್‌ನ ಡೆನ್ಬಿಷೈರಿನ ರೈತರು, ತಾವು ಕಾಲಿಡದ ಚರ್ಚಿಗೆ ದಶಮಾಂಶ ಏಕೆ ತೆರಬೇಕೆಂದು ಕೇಳಿದರು. ದನಕರುಗಳ ಜಪ್ತಿಯಾಯಿತು, ಪೊಲೀಸರು ಬಂದರು, ಸೈನಿಕರು ಬಂದರು. ರೈತರು ಬಗ್ಗಲಿಲ್ಲ. 1891ರ ಕಾಯಿದೆ ದಶಮಾಂಶದ ಹೊಣೆಯನ್ನು ಗೇಣಿದಾರನಿಂದ ಜಮೀನಿನ ಒಡೆಯನಿಗೆ ವರ್ಗಾಯಿಸಿತು. 1920ರಲ್ಲಿ ವೇಲ್ಸ್‌ನ ಚರ್ಚು ಸರ್ಕಾರದಿಂದ ಬೇರೆಯೇ ಆಯಿತು. ಮೊಟ್ಟೆ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿದ್ದರ ಫಲ ಇದು. ಆದರೆ ಅವರು ಒಬ್ಬೊಬ್ಬರಾಗಿ ಹೇಳಲಿಲ್ಲ, ಒಟ್ಟಾಗಿ ಹೇಳಿದರು. ಕ್ಯುರೇಟ್ ಮೇಜಿನ ಬಳಿ ಒಂಟಿಯಾಗಿದ್ದ.

ಮಿತ್ರರೇ, ಈಗ ನಮ್ಮ ಮಾತು. ಸಾಹೇಬರ ತಪ್ಪು ಟಿಪ್ಪಣಿಗೆ ತಲೆದೂಗುವ ಗುಮಾಸ್ತನನ್ನು ನಾವು ಹಳಿಯುತ್ತೇವೆ. ನಮ್ಮದೇ ಸಭೆಯಲ್ಲಿ ಮುಖಂಡರು ಕೆಟ್ಟ ನಿರ್ಣಯವೊಂದನ್ನು ಮುಂದಿಟ್ಟಾಗ, ಇದರಲ್ಲಿ ಕೆಲವು ಅಂಶಗಳು ಉತ್ತಮವಾಗಿವೆ ಎಂದು ಕೈಯೆತ್ತಿದವರು ಯಾರು? ನಾನೂ ಎತ್ತಿದ್ದೇನೆ, ನಾಚಿಕೆಯಿಂದಲೇ ಹೇಳುತ್ತೇನೆ. ನನ್ನ ಸಂಬಳವೇನೂ ಅವರ ಕೈಯಲ್ಲಿರಲಿಲ್ಲ.

ವಿನಯ ಒಳ್ಳೆಯ ಗುಣವೇ. ಹಂಗಿನಿಂದ ಹುಟ್ಟಿದ ವಿನಯ ಮಾತ್ರ ಗುಲಾಮಗಿರಿ. ಒಬ್ಬನ ಅನ್ನ ಇನ್ನೊಬ್ಬನ ಮರ್ಜಿಯಲ್ಲಿರುವವರೆಗೆ ಅದು ತೊಲಗದು. ಅಂಥ ವ್ಯವಸ್ಥೆಯನ್ನು ಬದಲಿಸಲು ಹೊರಟ ನಾವು, ಮೊದಲು ನಮ್ಮ ಪಂಕ್ತಿಯಲ್ಲಿ ಕೆಟ್ಟದ್ದನ್ನು ಕೆಟ್ಟದ್ದೆನ್ನಲು ಕಲಿಯೋಣ.